ನೀರಿನ ಪಾಳಿ

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಮಗ್ಗುಲಿಗೆ ಒಂದು ಊರು, ಆ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಡುಗೆ ಕೋಣೆಯ ಹಿಂದೆ ಎರಡು ಗುಂಟೆಯಷ್ಟು ಜಾಗವಿದೆ. ಕಾಗದದ ಮೇಲೆ ಅದು ಅಕ್ಷರ ಕೈತೋಟ. ಮೇ ಕೊನೆಯಲ್ಲಿ ಕಣ್ಣಿಗೆ ಬೀಳುವುದು ಬಿರುಕು ಬಿಟ್ಟ ಎರೆಮಣ್ಣು, ಒಂದು ನುಗ್ಗೆ ಗಿಡ, ಒಂದು ಕರಿಬೇವು. ಮಾತಾಡುತ್ತಿರುವವರಲ್ಲಿ ಒಬ್ಬರು ಬಿಸಿಯೂಟ ಶುರುವಾದಾಗಿನಿಂದ ಇಲ್ಲಿ ಒಲೆಯ ಮುಂದೆ ಇರುವ ಮುಖ್ಯ ಅಡುಗೆಯವರು. ಇನ್ನೊಬ್ಬರು ಯಾದಗಿರಿಯ ಪದವಿ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಹೊತ್ತ ಉಪನ್ಯಾಸಕರು, ಹುಟ್ಟೂರು ಸುರಪುರ. ಶಾಲೆ ಮೇ 29ಕ್ಕೆ ಬಾಗಿಲು ತೆರೆದಿದೆ. ಜೂನ್ 5ರ ಪರಿಸರ ದಿನ ಹತ್ತಿರ ಬಂದಿದೆ.

ಸರ: ಅಕ್ಕಾರ, ಅರವತ್ತು ಮಂದಿ ಹುಡುಗ್ರು ತಯಾರಾಗ್ಯಾರ. ಜೂನ್ 5ಕ್ಕ ಬಸ್ ಮಾಡ್ಕೊಂಡು ಬರ್ತೀವಿ. ಮುಂಜಾನೆ ಎಂಟಕ್ಕ ಹತ್ತಿದ್ರ ಮಧ್ಯಾಹ್ನದೊಳಗ ಅಗದು, ಮಡಿ ಮಾಡಿ, ಸಸಿ ಹಚ್ಚಿ ಮುಗಿಸಿಬಿಡ್ತಾರ.

ಅಕ್ಕ: ಮುಗಸ್ತಾರ ಬಿಡ್ರಿ ಸರ. ಆರನೇ ತಾರೀಖಿಗಿ ಯಾರು ಬರ್ತಾರ?

ಸರ: ಆರನೇ ತಾರೀಖಿಗೆ ಏನದ?

ಅಕ್ಕ: ಬಿಸಲದ. ಐದಕ್ಕೂ ಬಿಸಲದ. ರೋಹಿಣಿ ಇನ್ನಾ ಮುಗದಿಲ್ಲ, ಮಿರಗ ಕೂಡೋದು ಏಳಕ್ಕೋ ಎಂಟಕ್ಕೋ. ಕೂಡಿದ ದಿನಾನೇ ಮಳಿ ಬರ್ತದಂತ ಯಾರೂ ಬರಕೊಟ್ಟಿಲ್ಲ. ನೀವು ನರ್ಸರಿಯಿಂದ ತಂದ ಬದ್ನಿಸಸಿ ಈ ಮಣ್ಣಾಗ ಒಂದು ಹಗಲು ತಡೀತದೇನು? ಸಂಜಿಕ ಬಂದು ನೋಡ್ರಿ, ತಲಿ ಕೆಳಗ ಮಾಡಿ ನಿಂತಿರ್ತದ.

ಸರ: ನೀರು ಹಾಕ್ತೀವಲ್ರಿ.

ಅಕ್ಕ: ಅದನ್ನೇ ಕೇಳ್ಲಕತ್ತೀನಿ. ಯಾರು ಹಾಕ್ತಾರ? ಹ್ವಾದ ವರ್ಷ ಬ್ಯಾರೆ ಒಂದು ಸಂಘದವರು ಬಂದು ಹಚ್ಚಿದ್ರು. ಭಾಷಣ ಆಯ್ತು, ಫೋಟೋ ಆಯ್ತು, ಉಪ್ಪಿಟ್ಟು ನಾನೇ ಮಾಡಿ ಹಾಕ್ದೆ. ಅತಿಥಿಗೋಳು ಬರೋತನಕ ಹುಡುಗ್ರು ಬಿಸಲಾಗ ನಿಂತಿದ್ರು, ಅತಿಥಿಗೋಳು ಹೋದ ಮ್ಯಾಲ ಗಿಡ ನಿಂತ್ವು. ಎಂಟು ದಿನಕ್ಕ ಆಡು ಬಂದು ಲೆಕ್ಕ ಚುಕ್ತಾ ಮಾಡ್ತು.

ಸರ: ಹಂಗಂದ್ರ ನಾವು ಬರೋದೇ ಬ್ಯಾಡ ಅಂತೀರೇನು?

ಅಕ್ಕ: ಬರ್ರಿ. ಯಾವಾಗ ಬರ್ಬೇಕು, ಬಂದು ಏನು ಮಾಡ್ಬೇಕು ಅನ್ನೋದು ಹೇಳ್ಲಕತ್ತೀನಿ. ಮೊದಲು ಬೇಲಿ. ಬೇಲಿ ಇಲ್ದೆ ತೋಟ ಮಾಡೋದಂದ್ರ ಊರ ಆಡಿಗಿ ಊಟಕ್ಕ ಕರದಂಗ. ತೊಗರಿ ಕಟ್ಟಿಗಿ ಎಲ್ಲಾರ ಹಿತ್ತಲದಾಗ ಬಿದ್ದದ, ಹತ್ತಿ ಕಟ್ಟಿಗಿ ಹೊಲದಾಗ ಸುಡ್ತಾರ, ಬಳ್ಳಾರಿ ಜಾಲಿ ಕೆರಿ ಅಂಗಳ ತುಂಬ ಬೆಳದದ. ನಿಮ್ಮ ಅರವತ್ತು ಮಂದಿ ಐದನೇ ತಾರೀಖಿಗಿ ಅದನ್ನ ಕಡದು ತಂದು ನಾಕೂ ಕಡಿ ಹೆಣೀಲಿ. ಆ ಕೆಲಸಕ್ಕ ಮಂದಿ ಬೇಕು, ಮಳಿ ಬೇಕಾಗಿಲ್ಲ.

ಸರ: ಪರಿಸರ ದಿನ ಜಾಲಿ ಕಡಿಯೋದು ಹೆಂಗ್ರಿ, ಫೋಟೋಕ್ಕ ಸರಿ ಕಾಣಲ್ಲ.

ಅಕ್ಕ: ಆ ಜಾಲಿ ಕಡದ್ರ ಪರಿಸರ ಸಂತೋಷ ಪಡ್ತದ ಬಿಡ್ರಿ.

(ಈ ಮಾತಿಗೆ ಇಬ್ಬರೂ ನಕ್ಕರು. ಬಳ್ಳಾರಿ ಜಾಲಿ ಪರದೇಶದ ಗಿಡ, ಬೇಲಿಗೆಂದು, ಉರುವಲಿಗೆಂದು ತಂದದ್ದು. ಬಯಲು ಸೀಮೆಯ ಕೆರೆಗಳ ಅಂಗಳವನ್ನು ಅದು ನುಂಗಿರುವ ಪರಿ ನೋಡಿದವರಿಗೆ ಅಕ್ಕನ ಪಕ್ಷವೇ ಸರಿ ಅನ್ನಿಸುತ್ತದೆ.)

ಸರ: ಬೇಲಿ ಆಯ್ತು. ಬಿತ್ತೋದು?

ಅಕ್ಕ: ಮಿರಗದಾಗ ಎರಡು ಮಳಿ ಬರೋಬ್ಬರಿ ಹೊಡೀಲಿ. ಇದು ಎರಿ. ಒಂದು ಮಳಿಗಿ ಬಿರುಕು ಮುಚ್ಚತದ, ಎರಡನೇ ಮಳಿಗಿ ಒಳಗ ಹಸಿ ಹಿಡೀತದ. ಸುರಪುರದ ಗುಡ್ಡದ ಕೆಳಗ ಮಸಾರಿ ಭೂಮಿ ಅದಲ್ಲ, ನಿಮ್ಮ ಮನಿ ಕಡಿ, ಅಲ್ಲಿ ಮಡಿ ತಗ್ಗಿನಾಗ ಮಾಡ್ತಾರ, ನೀರು ನಿಲ್ಲಲಿ ಅಂತ. ಇಲ್ಲಿ ಹಂಗ ಮಾಡಿದ್ರ ಆಷಾಢದಾಗ ಬೇರು ಕೊಳೀತಾವ. ಇಲ್ಲಿ ಮಡಿ ಒಂದು ಗೇಣು ಎತ್ತರ ಬೇಕು, ನಡಕ ಕಾಲುವಿ ಬೇಕು. ನಿಮ್ಮ ಹುಡುಗ್ರಿಗಿ ಇದು ಗೊತ್ತದೇನು?

ಸರ: ಅರ್ಧ ಮಂದಿ ಒಕ್ಕಲುತನದ ಮನೆಯವರೇ. ಭೀಮರಾಯನಗುಡಿ ಕೃಷಿ ಕಾಲೇಜಿನವರನ್ನೂ ಕೇಳ್ಬೇಕಂತ ಮಾಡೀನಿ. ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೋಗಿ ಬರ್ತೀನಿ.

ಅಕ್ಕ: ಹೋಗ್ರಿ. ಬೀಜದ ಬಗ್ಗೆ ಅವರ್ನ ಕೇಳ್ರಿ. ಆದ್ರ ಪಟ್ಟಿ ನಾ ಕೊಡ್ತೀನಿ. ಪುಂಡಿ, ರಾಜಗಿರಿ, ಚವಳಿಕಾಯಿ, ಬೆಂಡಿ. ಬೇಲಿಗಿ ಹೀರಿ ಹಬ್ಬಸಬೇಕು. ಬದ್ನಿ, ಟೊಮ್ಯಾಟೊ ಬೀಜ ಒಂದು ಸಣ್ಣ ಮಡ್ಯಾಗ ಚೆಲ್ಲಿ ಸಸಿ ಮಾಡಿ, 25-30 ದಿನಕ್ಕ ಕಿತ್ತು ಹಚ್ಚಬೇಕು. ಮೆಂತಿ, ಕೊತ್ತಂಬ್ರಿ, ಪಾಲಕ ಈಗ ಬ್ಯಾಡ. ದಸರಾ ಮುಗದು ಥಂಡಿ ಬೀಳ್ಲಿ, ಆಗ.

ಸರ: ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎರಡು ಗುಂಟಿ ತೋಟದಿಂದ ಇಷ್ಟು ಮಕ್ಕಳ ಊಟಕ್ಕ ಏನಾದೀತು?

ಅಕ್ಕ: ಸಿಟ್ಟ್ಯಾಕ, ಲೆಕ್ಕ ಮಾಡ್ರಿ. ಒಂದರಿಂದ ಐದನೇತ್ತಾ ಮಕ್ಕಳಿಗಿ ತಲಿಗಿ 50 ಗ್ರಾಂ ಕಾಯಿಪಲ್ಲೆ, ಆರರಿಂದ ಮ್ಯಾಲ 75 ಗ್ರಾಂ ಅಂತ ಸರ್ಕಾರದ್ದೇ ಅಳತಿ ಅದ. ಸಣ್ಣವು 120, ದೊಡ್ಡವು 80 ಅಂತ ಹಿಡೀರಿ.

ಸರ: ಆರು ಕಿಲೋ ಮತ್ತ ಆರು ಕಿಲೋ. ದಿನಕ್ಕ ಹನ್ನೆರಡು ಕಿಲೋ.

ಅಕ್ಕ: ಹನ್ನೆರಡು ಕಿಲೋ ಈ ಜಾಗ ದಿನಾ ಕೊಡಲ್ಲ. ಉಳ್ಳಾಗಡ್ಡಿ, ಆಲೂಗಡ್ಡಿ, ಟೊಮ್ಯಾಟೊ ಸಂತಿಯಿಂದಾನೇ ಬರ್ಬೇಕು. ತೋಟದ ಕೆಲಸ ಬ್ಯಾರೆ ಅದ. ಸಂತ್ಯಾಗ ಟೊಮ್ಯಾಟೊ ರೇಟು ಏರಿದ ವಾರ ಸಾಂಬಾರು ನೀರಾಗ್ತದ, ಅವತ್ತು ಒಂದು ಬುಟ್ಟಿ ಪುಂಡಿಪಲ್ಯ ಕೊಯ್ದು ಬ್ಯಾಳಿಗಿ ಹಾಕಿದ್ರ ಹುಳಿಗಿ ಹುಳಿ ಆಯ್ತು, ಪಲ್ಯಕ್ಕ ಪಲ್ಯ ಆಯ್ತು. ವಾರಕ್ಕ ಎರಡು ದಿನ ತಪ್ಪಲು ಪಲ್ಯ ಇಲ್ಲಿಂದ ಸಿಕ್ರ ನನಗ ಸಾಕು. ನುಗ್ಗಿ ತಪ್ಪಲು, ಕರಿಬೇವು ವರ್ಷಪೂರ್ತಿ.

ಸರ: ಈಗ ತತ್ತಿ ಕೊಡ್ತಾರಲ್ಲ.

ಅಕ್ಕ: ಕೊಡ್ತಾರ. ಮೊದಲು ತತ್ತಿ ಬಂದಾಗ ದೊಡ್ಡ ಗದ್ದಲ ಆಗಿತ್ತು, ನೆನಪದ.

ಸರ: 2021ರ ಡಿಸೆಂಬರ್. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳು, ಜೊತೀಗಿ ವಿಜಯಪುರ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ತತ್ತಿ ತಿಂದ ಯಾದಗಿರಿ ಮಕ್ಕಳನ್ನೂ ತತ್ತಿ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದ್ರು. ನಮ್ಮ ಮಕ್ಕಳ ತೂಕ ಹೆಚ್ಚಿಗಿ ಏರಿತ್ತು. ಆಮ್ಯಾಲ ಇಡೀ ರಾಜ್ಯಕ್ಕ ಬಂತು. 2024ರಿಂದ ವಾರಕ್ಕ ಆರು ದಿನ ಆಯ್ತು.

ಅಕ್ಕ: ತೂಕ ಏರಿದ್ದು ನನ್ನ ಕಣ್ಣಿಗೂ ಕಂಡದ. ಆದ್ರ ತತ್ತಿ ಒಂದೇ ಸಾಲಲ್ಲ ಸರ. ಹೆಣ್ಣುಹುಡುಗ್ರು ಪ್ರಾರ್ಥನಾ ಮುಗಿಯೋದ್ರಾಗ ಚಕ್ಕರ್ ಬಂದು ಕೂಡ್ತಾವ. ಕಣ್ಣ ರೆಪ್ಪಿ ಎತ್ತಿ ನೋಡ್ರಿ, ಬೆಳ್ಳಗ. ಅದಕ್ಕ ತಪ್ಪಲು ಪಲ್ಯ ಬೇಕು.

(ಅಂಗಳದ ಮಾತಿನ ಹಿಂದೆ ದೊಡ್ಡ ಲೆಕ್ಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಲಬುರಗಿಯಿಂದ ಬೇರೆಯಾಗಿ 2009ರ ಡಿಸೆಂಬರ್ 30ರಂದು ಹುಟ್ಟಿದ ಜಿಲ್ಲೆ ಇದು. ಕೃಷ್ಣೆ, ಭೀಮೆ ಎರಡೂ ಹರಿಯುತ್ತವೆ. ಬಿಸಿಯೂಟವೂ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರ ಜೂನ್‌ನಲ್ಲಿ, ಆಗಿನ ಗುಲಬರ್ಗಾ ಸೇರಿ ಏಳು ಉತ್ತರದ ಜಿಲ್ಲೆಗಳಲ್ಲಿ. ಇಷ್ಟಿದ್ದೂ ಈ ಅಂಕಿ. ಇಂಥ ಕಡೆ ಎರಡು ಗುಂಟೆ ತೋಟವನ್ನು ಅಲಂಕಾರವೆಂದು ನೋಡುವುದು ನನಗೆ ಒಪ್ಪಿಗೆಯಿಲ್ಲ.)

ಸರ: ನೀರಿನ ಮಾತಿಗೆ ಬರೋಣ. ಕಾಲುವಿ ಇಲ್ಲೇ ಹತ್ತಿರ ಹರೀತದಲ್ಲ.

ಅಕ್ಕ: ಹರೀತದ, ಹರಿಯೋ ಕಾಲಕ್ಕ. ನಾರಾಯಣಪುರ ಡ್ಯಾಂ ತುಂಬಿ ಎಡದಂಡಿ ಕಾಲುವಿಗಿ ನೀರು ಬಿಡೋದ್ರಾಗ ಮಳಿಗಾಲ ನಡು ಬಂದಿರ್ತದ. ಬ್ಯಾಸಿಗ್ಯಾಗ ಬಂದ್. ಯಾವಾಗ ಎಲ್ಲರಿಗೂ ನೀರು ಬೇಕೋ ಆವಾಗ ಕಾಲುವ್ಯಾಗ ಹುಡುಗ್ರು ಕ್ರಿಕೆಟ್ ಆಡ್ತಾರ.

ಸರ: 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿ ಬಂದು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದ್ರು. ನಮ್ಮ ಮುತ್ಯಾ ಅದರ ಮಾತು ಹೇಳ್ತಿದ್ದ.

ಅಕ್ಕ: ಹೊಲಕ್ಕ ನೀರು ಬಂದದ, ಇಲ್ಲ ಅನ್ನಲ್ಲ. ಭತ್ತ ಬೆಳದ್ರು, ಮನಿ ಕಟ್ಟಿದ್ರು. ಸಾಲಿ ಹಿತ್ತಲಕ್ಕ ಮಾತ್ರ ಬಂದಿಲ್ಲ. ಇಲ್ಲಿ ಇರೋದು ಪಂಚಾಯ್ತಿ ಬೋರಿನ ಟಾಕಿ, ಕರೆಂಟ್ ಇದ್ದಾಗ ನೀರು. ಬರ್ರಿ, ಒಂದು ತೋರಸ್ತೀನಿ.

(ಅಕ್ಕ ಎದ್ದು ತಾಟು ತೊಳೆಯುವ ಕಟ್ಟೆಯ ಕಡೆ ಹೋದರು. ನಲ್ಲಿಗಳ ಕೆಳಗೆ ಎರಡು ಸಾಲು ಕಲ್ಲು. ಮೊದಲ ಸಾಲಿನಲ್ಲಿ ಮಕ್ಕಳು ತಾಟು ಉಜ್ಜುತ್ತಾರೆ, ಸೋಪಿನ ಆ ನೀರು ಒಂದು ಕಡೆ ಹೋಗಿ ಇಂಗುಗುಂಡಿಗೆ ಬೀಳುತ್ತದೆ. ಎರಡನೇ ಸಾಲಿನಲ್ಲಿ ಬರೀ ನೀರಲ್ಲಿ ಅಲುಬುತ್ತಾರೆ. ಆ ನೀರಿಗೆ ಬೇರೆ ತೋಡು, ತೋಡಿನ ಬಾಯಿಗೆ ಗೋಣಿಚೀಲದ ತುಂಡು ಕಟ್ಟಿದೆ. ಅನ್ನದ ಅಗಳು ಗೋಣಿಗೆ ಸಿಕ್ಕಿಬೀಳುತ್ತದೆ, ಸಂಜೆ ಅಕ್ಕ ಅದನ್ನು ಜಾಡಿಸಿ ಕೋಳಿಗೆ ಹಾಕುತ್ತಾರೆ. ನೀರು ಸೋಸಿ ನುಗ್ಗೆ ಬುಡಕ್ಕೆ, ಅಲ್ಲಿಂದ ಕರಿಬೇವಿನ ಬುಡಕ್ಕೆ. ಆ ಎರಡು ಗಿಡ ಮಾತ್ರ ಏಕೆ ಹಸಿರಾಗಿವೆ ಎಂದು ಆಗ ತಿಳಿಯಿತು. ರಜೆಯಲ್ಲಿ ತಾಟು ತೊಳೆಯುವವರಿಲ್ಲ. ಆಗ ಅಕ್ಕ ದಿನ ಬಿಟ್ಟು ದಿನ ಎರಡು ಕೊಡ ಹೊತ್ತು ತಂದು ಹಾಕಿದ್ದಾರೆ. ಇದಕ್ಕೆ ಯಾವ ರಜಿಸ್ಟರಿನಲ್ಲೂ ಜಾಗವಿಲ್ಲ.)

ಸರ: ಇದನ್ನ ಯಾರು ಮಾಡಿಸಿದ್ದು?

ಅಕ್ಕ: ಯಾರು ಮಾಡಸ್ತಾರ. ಒಂದು ರವಿವಾರ ನಾನು, ನನ್ನ ಮಗ ಗುದ್ಲಿ ತೊಗೊಂಡು ಮಾಡಿದ್ವಿ. ಇನ್ನಾ ನಾಕು ಮಡಿಗಿ ಈ ನೀರು ಮುಟ್ಟಸಬಹುದು. ಪೈಪು ಬೇಕು, ರೊಕ್ಕ ಇಲ್ಲ.

ಸರ: ನೋಡ್ರಿ, ಅದಕ್ಕೇ ಸಮಾರಂಭ ಬೇಕು ಅನ್ನೋದು. ಪಿಡಿಒ ಬರಲಿ, ಎಸ್‌ಡಿಎಂಸಿ ಅಧ್ಯಕ್ಷರು ಬರಲಿ, ಈ ತೋಡು ಅವರ ಕಣ್ಣಿಗೆ ಬೀಳಲಿ. ಎಷ್ಟೋ ಸಾಲಿಗೆ ಉದ್ಯೋಗ ಖಾತ್ರಿಯಿಂದ ಕಾಂಪೌಂಡ್ ಆಗ್ಯಾವ. ಅರವತ್ತು ಮಂದಿ ಒಮ್ಮೆ ಬಂದು ನಿಂತ್ರ ಊರಿಗೂ ಗೊತ್ತಾಗ್ತದ, ಇದು ತಿಪ್ಪಿ ಜಾಗ ಅಲ್ಲ, ಸಾಲಿ ತೋಟ ಅಂತ. 1973ರಾಗ ನ್ಯೂಯಾರ್ಕ್ ಊರಾಗ ಲಿಜ್ ಕ್ರಿಸ್ಟಿ ಅನ್ನೋ ಹೆಣ್ಣುಮಗಳು ಗೆಳೆಯರನ್ನ ಕಟ್ಕೊಂಡು, ಕಸ ತುಂಬಿದ ಒಂದು ಹಾಳು ಜಾಗ ಸ್ವಚ್ಛ ಮಾಡಿ ತರಕಾರಿ ಹಚ್ಚಿದ್ಲು. ಮರು ವರ್ಷ ನಗರಪಾಲಿಕೆಯವರು ಆ ಜಾಗನ್ನ ಅವರಿಗೇ ಬಾಡಿಗಿಗೆ ಕೊಟ್ರು. ತಿಂಗಳಿಗೆ ಒಂದು ಡಾಲರ್. ಆ ತೋಟ ಇವತ್ತಿಗೂ ಅದ, ಆಕೀ ಹೆಸರಿನಾಗ.

ಅಕ್ಕ: ಆಕಿ ಮರುದಿನ ಬಂದಿರ್ಬೇಕು. ಅದಕ್ಕೇ ಅದ.

ಸರ: (ನಗುತ್ತ) ಇದು ಆಗ್ಲಿಲ್ಲ ಬಿಡ್ರಿ.

ಅಕ್ಕ: ಇಲ್ಲ, ನೀವಂದದ್ದು ಖರೇನೇ. ಹ್ವಾದ ವರ್ಷ ಮುಳ್ಳಿನ ಗಡ್ಡಿ ಇಟ್ಟಿದ್ರು, ಅದರ ಹಿಂದಿನ ವರ್ಷ ಗೊಬ್ಬರದ ಗುಡ್ಡಿ. ನಾ ಒಬ್ಬಾಕಿ ಹೇಳಿದ್ರ ಯಾರು ಕೇಳ್ತಾರ, ಅಡಗಿ ಮಾಡಾಕಿ ಅಂತಾರ. ಪಂಚಾಯ್ತಿಯವರ ಮುಂದ ನಾಕು ಕಲ್ಲು ನೆಟ್ಟು ಹದ್ದು ಮಾಡಿ ಹೋಗ್ರಿ. ಅದಕ್ಕ ನಾ ಉಪ್ಪಿಟ್ಟು ಮಾಡ್ತೀನಿ.

ಸರ: ಹಂಗಾದ್ರ ಐದಕ್ಕ ಹದ್ದು, ಬೇಲಿ. ಮಿರಗದ ಮಳಿ ಆದ ಮ್ಯಾಲ ಮಡಿ, ಬಿತ್ತನೆ. ಆದ್ರ ಆಗ ಅರವತ್ತು ಮಂದಿ ಸಿಗಲ್ಲ ಅಕ್ಕಾರ. ಎಲ್ಲಾರ ಮನ್ಯಾಗೂ ಹೆಸರು, ತೊಗರಿ, ಹತ್ತಿ ಬಿತ್ತೋದು ಇರ್ತದ.

ಅಕ್ಕ: ಅರವತ್ತು ಯಾರು ಕೇಳಿದ್ರು? ಆರು ಮಂದಿ ಸಾಕು. ನಮ್ಮೂರ ಮಂದಿ ಆಗ ಊರಾಗ ಇರ್ತಾರ, ಅದು ಮುಖ್ಯ. ತೊಗರಿ ರಾಶಿ ಆಯ್ತಂದ್ರ ಅರ್ಧ ಊರು ಗುಳೆ. ಬೆಂಗಳೂರಾಗ ಕಟ್ಟಡ ಕೆಲಸಕ್ಕ, ಪುಣಾಕ್ಕ, ಹೈದ್ರಾಬಾದಿಗಿ. ಸಣ್ಣ ಮಕ್ಕಳು ಅವ್ವ-ಅಪ್ಪನ ಜೊತಿಗಿ ಹೋಗ್ತಾವ. ಮಿರಗಕ್ಕ, ಕಾರಹುಣ್ಣಿವಿಗಿ ಹೊಳ್ಳಿ ಬರ್ತಾರ. ಎತ್ತಿಗಿ ಬಣ್ಣ ಹಚ್ಚಿ, ಕರಿ ಹರದು, ಬಿತ್ತಿಗಿ ಮುಗಿಸಿ, ಕಳೆ ಬರೋತನಕ ಒಂದು ಹತ್ತು ಹದಿನೈದು ದಿನ ಕೈ ಖಾಲಿ ಇರ್ತದ. ಆ ಹದಿನೈದು ದಿನಾನೇ ಈ ತೋಟದ ಸುಗ್ಗಿ. ನಿಮ್ಮ ಕ್ಯಾಲೆಂಡರದಾಗ ಆ ದಿನಕ್ಕ ಕೆಂಪು ಗುರುತಿಲ್ಲ.

ಸರ: ಇದನ್ನ ನಾನು ವಿಚಾರ ಮಾಡಿದ್ದಿಲ್ಲ.

ಅಕ್ಕ: ನಮ್ಮ ಮಾವನ ಕಾಲದಾಗ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ಹೊಲಕ್ಕ ನಾಕು ಮಂದಿ ಬಂದ್ರ, ನಾಳಿ ನಿಮ್ಮ ಮನಿಯವರು ಅವರ ಹೊಲಕ್ಕ ಹೋಗ್ಬೇಕು. ಕೂಲಿ ಇಲ್ಲ, ಹೊಟ್ಟಿಗಿ ರೊಟ್ಟಿ. ಹೋಗದಿದ್ರ ಮುಂದಿನ ವರ್ಷ ಯಾರೂ ಬರ್ತಿರಲಿಲ್ಲ. ನಿಮ್ಮ ಹುಡುಗ್ರು ಪುಕ್ಕಟೆ ಬರ್ತಾರ ನೋಡ್ರಿ, ಅದಕ್ಕೇ ಹೊಳ್ಳಿ ಬರಲ್ಲ. ಅವರಿಗೂ ನಮಗೂ ಕೊಡೋದು ತೊಗೊಳ್ಳೋದು ಏನೂ ಇಲ್ಲ.

ಸರ: ಕೊಡೋದು ತೊಗೊಳ್ಳೋದು ಹೆಂಗ ಇಡೋಣ ಹಂಗಾದ್ರ?

ಅಕ್ಕ: ಅದು ನೀವು ಓದಿದವರು, ನೀವೇ ಹೇಳ್ರಿ.

ಸರ: ಬೀದರದ ಆಚಿಕಡೆ ಜಹೀರಾಬಾದ್ ಅದಲ್ಲ, ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ. ಅದನ್ನ ಕಟ್ಟಿದವರಾಗ ಪಿ.ವಿ. ಸತೀಶ್ ನಮ್ಮ ಮೈಸೂರು ಕಡೆಯವರು, 2023ರಾಗ ತೀರಿಕೊಂಡ್ರು. ಅಲ್ಲಿನ ಹೆಣ್ಣುಮಕ್ಕಳು, ಬಹಳ ಮಂದಿ ದಲಿತರು, ಸಾಲಿ ಮುಖ ನೋಡದವರು, ಊರೂರಿಗೆ ಬೀಜದ ಭಂಡಾರ ಮಾಡ್ಯಾರ. ಬೀಜ ರೊಕ್ಕಕ್ಕಲ್ಲ, ಒಯ್ದವರು ಮುಂದಿನ ಸುಗ್ಗಿಗೆ ಒಯ್ದದ್ದಕ್ಕಿಂತ ಹೆಚ್ಚಿಗಿ ತಂದು ಹಾಕ್ಬೇಕು. ಸಂಕ್ರಾಂತಿಗೆ ಬೀಜ ತುಂಬಿದ ಬಂಡಿ ಸಿಂಗರಿಸಿ ಊರೂರು ಜಾತ್ರಿ ಮಾಡ್ತಾರ. 2019ರಾಗ ಅವರಿಗೆ ವಿಶ್ವಸಂಸ್ಥೆಯವರ ಈಕ್ವೇಟರ್ ಪ್ರಶಸ್ತಿ ಬಂತು.

ಅಕ್ಕ: ಇದು ನಮಗ ಹೊಂದತದ. ನಿಮ್ಮ ಹುಡುಗ್ರು ಸುಗ್ಗಿಯಾಗ ಒಂದೊಂದು ಹಿಡಿ ಪುಂಡಿ ಬೀಜ, ಚವಳಿ ಬೀಜ ಒಯ್ಲಿ. ಮನಿ ಹಿತ್ತಲದಾಗ ಹಾಕಲಿ. ಮುಂದಿನ ಮಿರಗಕ್ಕ ಎರಡು ಹಿಡಿ ತಂದು ಕೊಡ್ಲಿ. ಬೀಜ ತರ್ಲಿಕ್ಕಾದ್ರೂ ಬರ್ಬೇಕಲ್ಲ.

ಸರ: ಬೀಜ ತರ್ಲಿಕ್ಕ ವರ್ಷಕ್ಕ ಒಮ್ಮೆ ಬಂದ್ರ ಸಾಕು. ವಾರವಾರ ಬರ್ಬೇಕಂದ್ರ ನನ್ನ ಕಡೆ ಇನ್ನೊಂದು ಹಗ್ಗ ಅದ. ಸೇವಾ ಯೋಜನೆಯ ಹುಡುಗ್ರು ವರ್ಷಕ್ಕ 120 ತಾಸು ಸೇವೆ ಮಾಡ್ಲೇಬೇಕು, ಅಂದ್ರ ಪ್ರಮಾಣಪತ್ರ.

ಅಕ್ಕ: ಒಬ್ಬೊಬ್ಬರು 120 ತಾಸಾ? ಅರವತ್ತು ಮಂದೀದು ಕೂಡಿಸಿದ್ರ?

ಸರ: 7,200.

ಅಕ್ಕ: ಶಿವನೇ! ಏಳು ಸಾವಿರ ತಾಸು ಎಲ್ಲಿ ಚೆಲ್ಲತೀರಿ ಸರ? ನನಗ ಅದರಾಗ ಐದನೂರು ಕೊಡ್ರಿ. ವಾರಕ್ಕ ಆರು ಮಂದಿ, ಎರಡೆರಡು ತಾಸು, ನಲವತ್ತು ವಾರ. ಐದನೂರೂ ಆಗಲ್ಲ, 480. ಕಳೆ ತಗೀಲಿ, ಮಡಿ ಸರಿ ಮಾಡ್ಲಿ, ಮಕ್ಕಳಿಗಿ ಒಂದೀಟು ಲೆಕ್ಕ ಹೇಳಿಕೊಡ್ಲಿ, ಮಡಿ ಉದ್ದ ಅಗಲ ಅಳದು. ಒಮ್ಮೆ ತಂದು ಸುರುವಬ್ಯಾಡ್ರಿ. ಮಳಿ ಆದ್ರೂ ಅಷ್ಟೇ, ಒಂದೇ ದಿನ ಹೊಡದ್ರ ಮಣ್ಣು ಕೊಚ್ಚಿ ಹೋಗ್ತದ.

ಸರ: ಬಸ್ ರೊಕ್ಕ ಬರೋದು ದೊಡ್ಡ ಕಾರ್ಯಕ್ರಮಕ್ಕ ಅಷ್ಟೇ ಅಕ್ಕಾರ. ವಾರಕ್ಕ ಆರು ಮಂದಿಗೆ ಯಾರು ಬಸ್ ಕೊಡ್ತಾರ?

ಅಕ್ಕ: ಯಾದಗಿರಿಯಿಂದ ಯಾಕ ಕರ್ಕೊಂಡು ಬರ್ತೀರಿ? ನಿಮ್ಮ ಅರವತ್ತರಾಗ ಶಹಾಪುರದಿಂದ ದಿನಾ ಓಡಾಡೋರು ಎಷ್ಟು ಮಂದಿ, ಸುರಪುರ ಕಡಿಯಿಂದ ಎಷ್ಟು ಮಂದಿ? ಈ ದಾರಿಗೇ ಹೋಗ್ತಾರಲ್ಲ. ಶನಿವಾರ ಇಳದು ಎರಡು ತಾಸು ಮಾಡಿ, ಉಂಡು, ಮುಂದಿನ ಬಸ್ಸಿಗಿ ಹೋಗ್ಲಿ. ಹೆಣ್ಣುಹುಡುಗ್ರು ಫ್ರೀ ಬಸ್ಸಿನಾಗೇ ಬರ್ತಾವ.

(ಇಲ್ಲಿ ಉಪನ್ಯಾಸಕರು ಮೊಬೈಲು ತೆಗೆದು ಹೆಸರು ಎಣಿಸಿದರು. ಈ ದಾರಿಯಲ್ಲಿ ಓಡಾಡುವವರು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇದ್ದರು. ಸ್ವಯಂಸೇವಕರ ಕೊರತೆ ಎಂದು ನಾವು ಗೊಣಗುವಲ್ಲಿ ಬಹಳ ಸಲ ಕೊರತೆಯಿರುವುದು ವೇಳಾಪಟ್ಟಿಗೆ.)

ಸರ: ದಸರಾ ರಜೆಗೆ?

ಅಕ್ಕ: ದಸರಾಕ್ಕ ನಮ್ಮ ಸಂಘದ ಹೆಣ್ಣುಮಕ್ಕಳು ಓಣಿಗಿ ಇಬ್ಬರಂಗ ಪಾಳಿ ಹಚ್ಚತೀವಿ. ಬೆಳದ ಪಲ್ಯದಾಗ ಅರ್ಧ ಆ ವಾರ ಅವರಿಗಿ. ರಜ್ಯಾಗ ಸಾಲ್ಯಾಗ ಊಟ ಇಲ್ಲಲ್ಲ, ಕೊಳೀಲಿಕ್ಕ ಬಿಡೋದ್ಯಾಕ? ಗೇಟಿನ ಕೀಲಿ ಹೆಡ್‌ಮಾಸ್ತರ ಹತ್ರ ಒಂದು, ಸಂಘದ ಹತ್ರ ಒಂದು ಇರ್ಲಿ. ಇದನ್ನ ಠರಾವಿನಾಗ ಬರಸ್ರಿ, ಇಲ್ಲದಿದ್ರ ಮುಂದಿನ ಹೆಡ್‌ಮಾಸ್ತರು ಬಂದು ಕೀಲಿ ಕೇಳ್ತಾರ.

ಸರ: ಬೇಸಿಗಿಗೆ?

ಅಕ್ಕ: ಬ್ಯಾಸಿಗಿ ಮಾತೇ ಬ್ಯಾರೆ. ಏಪ್ರಿಲ್ ನಡುವಿನಿಂದ ಮೇ ಕೊನೀತನಕ. ಕಾಲುವಿ ಬಂದ್, ಸಾಲಿ ಬಂದ್, ಮಂದಿ ಗುಳೆ, ಬಿಸಲು 42-43. ಆಗ ಮಡಿ ಖಾಲಿ ಬಿಡ್ಬೇಕು, ಅದಕ್ಕ ನಾ ಅಳಲ್ಲ. ಮಣ್ಣೂ ಆರಾಮ ತೊಗೊಳ್ಳಲಿ. ನುಗ್ಗಿ, ಕರಿಬೇವು, ಒಂದು ನಿಂಬಿ, ಎರಡು ಪೇರಲ ಹಚ್ಚಿದ್ರ ಅವು, ಇಷ್ಟಕ್ಕ ದಿನ ಬಿಟ್ಟು ದಿನ ನೀರು ಬೇಕು. ಈ ನಲವತ್ತೈದು ದಿನದ ಪಾಳಿ ಯಾರು ಹಿಡೀತಾರೋ ಅವರ ಹೆಸರು ಐದನೇ ತಾರೀಖಿಗಿ ಮೈಕಿನಾಗ ಹೇಳ್ರಿ. ಶಾಲು ಹಾಕೋದಿದ್ರ ಅವರಿಗಿ ಹಾಕ್ರಿ.

ಸರ: ಬರಕೋತೀನಿ, ಹೇಳ್ರಿ. ಮೊದಲ ಹೆಸರು?

ಅಕ್ಕ: ನಂದು ಬರೀರಿ. ಏಪ್ರಿಲ್ ಹದಿನೈದು ದಿನ. ಮೇ ಮೊದಲ ಹದಿನೈದು ನಮ್ಮ ಸಂಘದವರಿಗಿ ಕೇಳಿ ಹೇಳ್ತೀನಿ. ಮೇ ಕೊನೀ ಹದಿನೈದು ನಿಮ್ಮ ಕಾಲೇಜಿಗಿ.

ಸರ: ಪರೀಕ್ಷಾ ಇರ್ತದ ಅಕ್ಕಾರ ಆಗ.

ಅಕ್ಕ: ಪರೀಕ್ಷಾ ಮುಂಜಾನಿ ಹತ್ತಕ್ಕ. ನೀರು ಆರಕ್ಕ.

ಅಂದು ಮಾಡಿದ ಪಟ್ಟಿ ಅಡುಗೆ ಕೋಣೆಯ ಗೋಡೆಗೆ, ವಾರದ ಊಟದ ಪಟ್ಟಿಯ ಪಕ್ಕದಲ್ಲಿ ಅಂಟಿಸಿದೆ. ಜೂನ್ 5: ಹದ್ದಿನ ಕಲ್ಲು, ಬೇಲಿ. ಮಿರಗದ ಎರಡನೇ ಮಳೆ ಆದ ಮೇಲಿನ ಶನಿವಾರ: ಮಡಿ, ಬಿತ್ತನೆ. ಅಲ್ಲಿಂದ ಪ್ರತಿ ಶನಿವಾರ ಆರು ಹೆಸರು. ಮೇ ತಿಂಗಳ ಕೊನೆಯ ಹದಿನೈದು ದಿನದ ಸಾಲು ಮಾತ್ರ ಖಾಲಿ ಇದೆ. ನಿಮ್ಮ ಸಂಘವೋ ಕಾಲೇಜೋ ಈ ಜೂನ್‌ನಲ್ಲಿ ಯಾವುದಾದರೂ ಶಾಲೆಗೆ ಸಸಿ ಹೊತ್ತುಕೊಂಡು ಹೊರಟಿದ್ದರೆ, ಸಸಿ ಇಳಿಸುವ ಮೊದಲು ಅಲ್ಲಿಯ ಅಡುಗೆಯವರನ್ನು ಕಂಡು ಆ ಸಾಲಿನಲ್ಲಿ ಹೆಸರು ಬರೆಸಿ.